ಹೆಗಲ ಗಂಟು, ಹಾದಿಯ ನಂಟು

ವಿದೇಶ ಪ್ರವಾಸದಲ್ಲಿ ಎರಡು ಬಗೆಯುಂಟು. ಹತ್ತು ಹನ್ನೆರಡು ದಿನಗಳಲ್ಲಿ ಆರೇಳು ದೇಶಗಳನ್ನು ಮುಗಿಸಿ, ಹೆಸರಾಂತ ಗೋಪುರಗಳ ಮುಂದೆಲ್ಲ ನಿಂತು ಚಿತ್ರ ತೆಗೆಸಿಕೊಂಡು, ರಾತ್ರಿಯ ಊಟಕ್ಕೆ ಅನ್ನ ಸಾರು ಎಲ್ಲಿ ದೊರೆಯುವುದೆಂದು ಮೊದಲೇ ಗೊತ್ತುಮಾಡಿಕೊಂಡು ಬರುವುದು ಒಂದು ಬಗೆ. ಅದರಲ್ಲಿ ತಪ್ಪೇನೂ ಇಲ್ಲ. ವಯಸ್ಸಾದವರಿಗೂ ಮಕ್ಕಳೊಂದಿಗರಿಗೂ ಅದೇ ಸುಖ. ಅಲ್ಲಿ ಸಹಯಾತ್ರಿಕನೆಂದರೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದವನು. ಅವನೊಡನೆ ಮಾತನಾಡಿದರೂ ಆಯಿತು, ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರೂ ಆಯಿತು.

ಇನ್ನೊಂದು ಬಗೆಯಲ್ಲಿ ಬಸ್ಸಿಲ್ಲ, ಮುಂದೆ ನಿಂತು ವಿವರಿಸುವ ಮಾರ್ಗದರ್ಶಿಯೂ ಇಲ್ಲ. ಬೇಕಾದುದನ್ನೆಲ್ಲ ಬೆನ್ನಿನ ಚೀಲಕ್ಕೆ ತುಂಬಿ, ಪರದೇಶದ ಕಾಲುದಾರಿಯಲ್ಲಿ ವಾರಗಟ್ಟಲೆ ನಡೆದು ಹೋಗುವವರ ಪ್ರವಾಸ ಅದು. ಅಲ್ಲಿ ಸಹಯಾತ್ರಿಕನೆಂಬ ಮಾತಿಗೆ ಅರ್ಥವೇ ಬೇರೆ. ಅವನು ನೀರು ಕೊಡುವವನು, ಕಾಲಿನ ಬೊಬ್ಬೆಗೆ ಪಟ್ಟಿ ಕಟ್ಟುವವನು, ರಾತ್ರಿ ಗೊರಕೆ ಹೊಡೆದು ನಿದ್ರೆ ಕೆಡಿಸುವವನು. ಒಮ್ಮೊಮ್ಮೆ, ಮನೆಯವರಿಗೂ ಹೇಳದ ಮಾತನ್ನು ಕೇಳಿಸಿಕೊಳ್ಳುವವನು ಕೂಡ ಅವನೇ.

ಇಂಥ ಹಾದಿಗಳಲ್ಲಿ ಬಹು ಪ್ರಸಿದ್ಧವಾದುದು ಸ್ಪೇನ್ ದೇಶದ ‘ಕಮೀನೋ’. ಸ್ಪೇನಿನ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೊ ದೆ ಕಾಂಪೊಸ್ತೆಲ ಎಂಬ ಊರಿದೆ. ಯೇಸುಕ್ರಿಸ್ತನ ಶಿಷ್ಯನಾದ ಯಾಕೋಬನ ಸಮಾಧಿ ಅಲ್ಲಿದೆಯೆಂಬ ನಂಬಿಕೆಯಿಂದ ಒಂಬತ್ತನೆಯ ಶತಮಾನದಿಂದಲೂ ಯೂರೋಪಿನ ಜನ ಅಲ್ಲಿಗೆ ನಡೆದು ಬಂದಿದ್ದಾರೆ. ಹನ್ನೆರಡನೆಯ ಶತಮಾನದ ಒಂದು ಹಸ್ತಪ್ರತಿಯಲ್ಲಿ ಯಾತ್ರಿಕರಿಗೆಂದೇ ಬರೆದ ಕೈಪಿಡಿಯೂ ಇದೆ; ಯಾವ ಹೊಳೆಯ ನೀರು ಕುಡಿಯಲು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ವಿವರ ಕೂಡ ಅದರಲ್ಲಿದೆ. ಸಾಂತಿಯಾಗೊಗೆ ಹೋಗುವ ದಾರಿಗಳು ಹಲವು. ಹೆಚ್ಚು ಜನ ಹಿಡಿಯುವುದು ‘ಫ್ರೆಂಚ್ ದಾರಿ’ ಎಂಬುದನ್ನು. ಪಿರನೀಸ್ ಪರ್ವತದ ಫ್ರಾನ್ಸಿನ ಮಗ್ಗುಲಲ್ಲಿರುವ ಸ್ಯಾಂ ಝಾಂ ಪಿಯೆ ದ ಪೋರ್ ಎಂಬ ಪುಟ್ಟ ಊರಿನಿಂದ ಸಾಂತಿಯಾಗೊವರೆಗೆ ಸುಮಾರು 780 ಕಿಲೋಮೀಟರ್. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನಂತೆ ನಡೆದರೆ ಐದು ವಾರದ ಮಾತು.

ನಡುವೆ ಒಂದು ಕಾಲದಲ್ಲಿ ಈ ದಾರಿ ಬಹುಮಟ್ಟಿಗೆ ಮರೆತುಹೋಗಿತ್ತು. ಅದನ್ನು ಮತ್ತೆ ಕಣ್ಣಿಗೆ ತಂದವರಲ್ಲಿ ಮುಖ್ಯರು ಓ ಸೆಬ್ರೈರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲೀನ್ಯ. 1984ರಲ್ಲಿ ಅವರು ಹಳದಿ ಬಣ್ಣದ ಡಬ್ಬಿ ಹಿಡಿದು ಹೊರಟು, ಮರಗಳ ಮೇಲೆ, ಬಂಡೆಗಳ ಮೇಲೆ, ಮನೆಯ ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತ ಹೋದರು. 1989ರಲ್ಲಿ ಅವರು ತೀರಿಕೊಂಡರು. ಬಾಣಗಳು ಉಳಿದವು, ಬೆಳೆದವು. 1993ರಲ್ಲಿ ಯುನೆಸ್ಕೊ ಈ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ಎಲ್ಲ ದಾರಿಗಳಿಂದಲೂ ಸಾಂತಿಯಾಗೊ ಮುಟ್ಟಿ ಯಾತ್ರಾಪತ್ರ ಪಡೆದವರು 4 ಲಕ್ಷಕ್ಕೂ ಹೆಚ್ಚು ಮಂದಿ. ಅವರೆಲ್ಲರೂ ಕ್ರೈಸ್ತರಲ್ಲ, ಆಸ್ತಿಕರೂ ಅಲ್ಲ. ಕೆಲಸ ಬಿಟ್ಟವರು, ಮದುವೆ ಮುರಿದವರು, ನಿವೃತ್ತರಾದವರು, ಸುಮ್ಮನೆ ನಡೆಯಲು ಬಂದವರು, ಎಲ್ಲರೂ ಆ ಒಂದು ಹಳದಿ ಬಾಣವನ್ನು ನಂಬಿ ನಡೆಯುತ್ತಾರೆ.

ಈ ಪ್ರವಾಸದಲ್ಲಿ ಮೊದಲ ಪಾಠ ಹೇಳುವುದು ಚೀಲ. ಹೊರುವವರ ತೂಕದ ಹತ್ತರಲ್ಲೊಂದು ಪಾಲಿಗಿಂತ ಚೀಲ ಭಾರವಿರಬಾರದೆಂಬುದು ಅನುಭವಿಗಳ ಮಾತು. ಅರವತ್ತು ಕಿಲೋ ತೂಗುವವರಿಗೆ ಆರು ಕಿಲೋ. ಅಷ್ಟರಲ್ಲೇ ಬಟ್ಟೆ, ಹೊದಿಕೆ, ಮಳೆಯಂಗಿ, ಔಷಧಿ, ನೀರು ಎಲ್ಲವೂ ಅಡಗಬೇಕು. ಮನೆಯಿಂದ ಹೊರಡುವಾಗ ಪ್ರತಿಯೊಂದು ವಸ್ತುವೂ ಅತ್ಯಗತ್ಯವಾಗಿಯೇ ಕಾಣುತ್ತದೆ. ಮೊದಲ ದಿನವೇ ಪಿರನೀಸ್ ಎದುರಾಗುತ್ತದೆ. ಬೆಳಿಗ್ಗೆ ಸುಮಾರು 170 ಮೀಟರ್ ಎತ್ತರದಲ್ಲಿ ಹೊರಟವರು 1,400 ಮೀಟರಿಗೂ ಮೇಲೇರಿ, ಆ ಕಡೆಯ ರೊನ್ಸೆಸ್‌ವಾಯೆಸ್ ಮಠಕ್ಕೆ ಇಳಿಯಬೇಕು. ಇಳಿಯುವ ಹೊತ್ತಿಗೆ ಅತ್ಯಗತ್ಯವೆಂಬ ಮಾತಿನ ಅರ್ಥ ಬದಲಾಗಿರುತ್ತದೆ. ಎರಡನೆಯ ಜೊತೆ ಪಾದರಕ್ಷೆ, ದಪ್ಪ ಪುಸ್ತಕ, ಮೂರನೆಯ ಸ್ವೆಟರು ಇವೆಲ್ಲ ಛತ್ರದ ಮೂಲೆಯ ಪೆಟ್ಟಿಗೆಗೆ ಬೀಳುತ್ತವೆ. ಬೇಕಾದವರು ಅದರಿಂದ ತೆಗೆದುಕೊಳ್ಳಬಹುದು.

ಎರಡನೆಯ ಪಾಠ ಛತ್ರದ್ದು. ದಾರಿಯುದ್ದಕ್ಕೂ ‘ಆಲ್ಬೆರ್ಗೆ’ ಎಂಬ ಯಾತ್ರಿಕರ ಛತ್ರಗಳಿವೆ. ಒಂದರ ಮೇಲೊಂದು ಅಟ್ಟದಂತೆ ಜೋಡಿಸಿದ ಮಂಚಗಳು. ಒಂದು ಕೋಣೆಯಲ್ಲಿ ಹತ್ತು ಜನ, ಇಪ್ಪತ್ತು ಜನ, ಕೆಲವೆಡೆ ಇನ್ನೂ ಹೆಚ್ಚು. ಬಾಡಿಗೆ ಕಡಿಮೆ, ಕೆಲವು ಕಡೆ ಕಾಣಿಕೆಯ ಡಬ್ಬಿಗೆ ಹಾಕಿದಷ್ಟೇ ಬಾಡಿಗೆ. ಯಾತ್ರಿಕನ ಕೈಯಲ್ಲಿರುವ ಮಡಿಕೆಪತ್ರಕ್ಕೆ ಪ್ರತಿ ಊರಿನಲ್ಲಿಯೂ ಮೊಹರು ಒತ್ತುತ್ತಾರೆ. ರಾತ್ರಿ ಹತ್ತಕ್ಕೆ ದೀಪ ಆರುತ್ತದೆ, ಬೆಳಿಗ್ಗೆ ಎಂಟರೊಳಗೆ ಮಂಚ ಬಿಡಬೇಕು. ಕಾಯಿಲೆ ಬಿದ್ದವರನ್ನು ಬಿಟ್ಟರೆ ಸಾಮಾನ್ಯವಾಗಿ ಯಾರಿಗೂ ಎರಡನೆಯ ರಾತ್ರಿಯಿಲ್ಲ. ಮೇಲಿನ ಮಂಚದಲ್ಲಿ ನ್ಯಾಯಾಧೀಶರು, ಕೆಳಗಿನದರಲ್ಲಿ ಹಡಗಿನ ಅಡುಗೆಯವನು ಮಲಗಿದ್ದರೂ ಆಶ್ಚರ್ಯವಿಲ್ಲ. ಇಬ್ಬರ ಕಾಲ್ಚೀಲವೂ ಒಂದೇ ಹಗ್ಗದ ಮೇಲೆ ಒಣಗುತ್ತಿರುತ್ತವೆ. ಬೆಳಗಿನ ಜಾವ ಐದಕ್ಕೆ ಎದ್ದು ಪ್ಲಾಸ್ಟಿಕ್ ಚೀಲವನ್ನು ಪರಪರನೆ ಸದ್ದು ಮಾಡುವವರೊಬ್ಬರು ಎಲ್ಲ ಛತ್ರದಲ್ಲಿಯೂ ಇರುತ್ತಾರೆ. ಅವರನ್ನು ಮನಸ್ಸಿನಲ್ಲಿಯೇ ಶಪಿಸುವವರು ಹತ್ತೊಂಬತ್ತು ಜನ.

ಕಾಲ್ನಡಿಗೆಯ ಯಾತ್ರೆ ಕನ್ನಡಿಗರಿಗೆ ಹೊಸದಲ್ಲ. ಉತ್ತರ ಕರ್ನಾಟಕದಿಂದ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರುಂಟು, ಪಂಢರಪುರದ ವಾರಿಗೆ ಸೇರುವವರುಂಟು. ಆದರೆ ಅಲ್ಲಿ ಊರಿಗೆ ಊರೇ ಗುಂಪು ಕಟ್ಟಿಕೊಂಡು ಹೊರಡುತ್ತದೆ. ಸ್ಪೇನಿನ ದಾರಿಗೆ ಬಹಳ ಮಂದಿ ಒಬ್ಬಂಟಿಗರಾಗಿ ಬರುತ್ತಾರೆ. ನಂಟು ಹಾದಿಯಲ್ಲಿಯೇ ಹುಟ್ಟುತ್ತದೆ. ಒಬ್ಬಂಟಿಗರಾಗಿ ಬಂದವರಿಗೆ ಇದು ಸುಲಭ. ಕಷ್ಟವಾಗುವುದು ಜೊತೆಗೂಡಿ ಬಂದವರಿಗೆ.

ಮೈಸೂರಿನ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿದ್ದ ಅವರ ಮಗಳೂ ಒಂದು ವಸಂತದಲ್ಲಿ ಹಾಗೆ ಜೊತೆಗೂಡಿ ಹೊರಟವರು. ತಂದೆಗೆ ಅರವತ್ತನಾಲ್ಕು, ಮಗಳಿಗೆ ಮೂವತ್ತೊಂದು. ತಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಮಗಳು ವರ್ಷದ ರಜೆಯನ್ನೆಲ್ಲ ಒಟ್ಟುಗೂಡಿಸಿ, ತಂದೆಗೆ ವೀಸಾ ಮಾಡಿಸಿ, ಟಿಕೆಟ್ಟು ಕಳಿಸಿದ್ದಳು. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ದಿನವೂ ನಡೆದು ರೂಢಿಯಿದ್ದ ತಂದೆ, ನಡಿಗೆಯೇನು ಮಹಾ ಎಂದುಕೊಂಡು ಬಂದಿದ್ದರು.

ಲೊಗ್ರೊನ್ಯೊ ಪಟ್ಟಣ ಮುಟ್ಟುವ ಹೊತ್ತಿಗೆ 160 ಕಿಲೋಮೀಟರಾಗಿತ್ತು; ಇಬ್ಬರಲ್ಲಿಯೂ ಮಾತು ನಿಂತಿತ್ತು. ಮಗಳ ಹೆಜ್ಜೆ ಚುರುಕು. ತಂದೆಯ ಮೊಣಕಾಲು ಇಳಿಜಾರಿನಲ್ಲಿ ನೋಯುತ್ತಿತ್ತು. ಅದನ್ನು ಅವರು ಹೇಳಿರಲಿಲ್ಲ. ಮಗಳು ಮುಂದೆ ಹೋಗಿ ಪ್ರತಿ ತಿರುವಿನಲ್ಲಿಯೂ ಕಾಯುತ್ತಿದ್ದಳು. ತಂದೆ ಏದುಸಿರು ಬಿಡುತ್ತ ಬಂದು ಸೇರುತ್ತಿದ್ದಂತೆಯೇ, “ಹೊರಡೋಣವೆ ಅಪ್ಪಾ?” ಎಂದು ಏಳುತ್ತಿದ್ದಳು. ಅವರು ಹೂಂ ಎನ್ನುತ್ತಿದ್ದರು. ಅವಳಿಗೆ ದಿನವಿಡೀ ಕಾಯುವ ಬೇಸರ, ಅವರಿಗೆ ದಿನವಿಡೀ ತಡಮಾಡಿದ ಸಂಕೋಚ.

ಆ ಸಂಜೆ ಮಗಳು ತಂದೆಯ ಚೀಲವನ್ನು ಮಂಚದ ಮೇಲೆ ಸುರಿದಳು. ಎರಡು ಕಿಲೋ ಅವಲಕ್ಕಿ, ಚಟ್ನಿಪುಡಿಯ ಡಬ್ಬ, ಇಸ್ತ್ರಿ ಮಾಡಿದ ಎರಡು ಪಂಚೆ, ಶೇವಿಂಗ್ ಪೆಟ್ಟಿಗೆ, ದಪ್ಪ ಟಾರ್ಚು. ಸ್ಪೇನಿನ ಬೇಳೆಯ ಸಾರಿನಲ್ಲಿಯೂ ಹಂದಿಮಾಂಸದ ತುಣುಕು ತೇಲುವುದನ್ನು ಕಂಡ ಮೇಲೆ ಅವಲಕ್ಕಿಯ ಮೇಲೆ ಅವರಿಗೆ ಭಕ್ತಿಯೇ ಹುಟ್ಟಿತ್ತು. ಅರ್ಧ ಉಳಿಸಿ, ಮಿಕ್ಕ ಸಾಮಾನನ್ನು ಅಂಚೆಯಲ್ಲಿ ಸಾಂತಿಯಾಗೊಗೆ ಕಳಿಸುವುದೆಂದಾಯಿತು. ಚೀಲದ ತಳದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲು ಸಿಕ್ಕಿತು.

“ಇದೇಕಪ್ಪಾ? ಕಲ್ಲನ್ನೂ ಹೊತ್ತುಕೊಂಡು ಬಂದಿದ್ದೀರಲ್ಲ!”

“ಇರಲಿ ಬಿಡು. ಅದೇನು ಭಾರವಿಲ್ಲ.”

ಮಗಳು ಮತ್ತೇನೂ ಕೇಳದೆ ಕಲ್ಲನ್ನು ಚೀಲದಲ್ಲಿಟ್ಟಳು.

ಎದುರು ಮಂಚದಲ್ಲಿ ಕುಳಿತು ಪಾದಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ನೆದರ್ಲೆಂಡಿನ ಮುದುಕಿಯೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಆಕೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ನಾಲ್ಕು ದಿನಗಳಿಂದ ಹಾದಿಯಲ್ಲಿ ಹಿಂದೆಮುಂದೆ ಕಾಣಿಸುತ್ತಿದ್ದರು. ಆಕೆ ಮಗಳಿಗೆ ಹೇಳಿದ ಮಾತು ಸಣ್ಣದು. “ನೀನು ಕಾಯುವಾಗ ನಿನಗೆ ವಿಶ್ರಾಂತಿಯಾಗುತ್ತದೆ. ಅವರು ಬಂದ ಕೂಡಲೆ ನೀನು ಏಳುತ್ತೀಯೆ. ಇಡೀ ದಿನ ಅವರು ಕುಳಿತದ್ದನ್ನು ನಾನು ನೋಡಿಲ್ಲ. ಬೆಳಗಿನ ಕಾಫಿ ಒಟ್ಟಿಗೆ ಕುಡಿಯಿರಿ, ರಾತ್ರಿಯ ಊಟ ಒಟ್ಟಿಗೆ ಮಾಡಿ. ನಡುವಣ ದಾರಿಯನ್ನು ಅವರವರ ಕಾಲಿಗೆ ಬಿಡಿ.”

ಮಗಳು ಬೆಪ್ಪಾದಳು. ವೇಗವಾಗಿ ನಡೆಯುವವರಿಗೆ ಕಾಯುವುದು ತ್ಯಾಗವೆಂದು ತೋರುತ್ತದೆ. ಆ ತ್ಯಾಗ ಹಿಂದಿನವರ ವಿಶ್ರಾಂತಿಯನ್ನು ಕಸಿಯುತ್ತಿದೆಯೆಂದು ಹೊಳೆಯುವುದಿಲ್ಲ. ತಂದೆಗಾದರೋ ಈ ಸಲಹೆ ಹಿಡಿಸಲಿಲ್ಲ. “ಇಷ್ಟು ದೂರ ಬಂದದ್ದು ಒಬ್ಬೊಬ್ಬರೇ ನಡೆಯುವುದಕ್ಕೇನು?” ಎಂದರು. ಆದರೂ ಬೆಳಿಗ್ಗೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, “ನೀನು ಮುಂದೆ ಹೋಗಿರು ಮಗು” ಎಂದವರು ಅವರೇ.

ಬುರ್ಗೋಸ್ ನಗರದಿಂದ ಲೆಯೋನ್ ನಗರದವರೆಗೆ ‘ಮೆಸೇಟ’ ಎಂಬ ಬಯಲುಸೀಮೆ. ಸುಮಾರು 180 ಕಿಲೋಮೀಟರ್ ದೂರ, ಎಡಕ್ಕೂ ಬಲಕ್ಕೂ ಗೋಧಿಯ ಹೊಲ, ಮೇಲೆ ಆಕಾಶ, ನಡುವೆ ಸುಣ್ಣದ ಕಡ್ಡಿಯಂತೆ ಬಿಳಿಯ ದಾರಿ. ಕಾರಿಯೋನ್ ಎಂಬ ಊರು ದಾಟಿದ ಮೇಲೆ ಹದಿನೇಳು ಕಿಲೋಮೀಟರ್ ಒಂದು ಹಳ್ಳಿಯೂ ಇಲ್ಲ. ನೋಡಲು ಏನೂ ಇಲ್ಲವೆಂದು ಹೇಳಿ ಈ ಭಾಗವನ್ನು ಬಸ್ಸಿನಲ್ಲಿ ದಾಟಿಬಿಡುವವರೂ ಉಂಟು. ನಡೆಯುವವರು ಇಲ್ಲಿಯೇ ಹೆಚ್ಚು ಮಾತನಾಡುತ್ತಾರೆ. ಒಂದೇ ಹೆಜ್ಜೆಗೆ ಕೂಡಿಬಂದ ಇಬ್ಬರು, ಮುಖ ನೋಡದೆ, ಮುಂದಿನ ದಾರಿಯನ್ನೇ ನೋಡುತ್ತ ನಡೆಯುವಾಗ, ಎದುರುಬದುರು ಕುಳಿತು ಆಡಲಾರದ ಮಾತುಗಳು ತಾವಾಗಿ ಬರುತ್ತವೆ. ನಾಳೆ ಈ ಮನುಷ್ಯ ಎಲ್ಲಿರುತ್ತಾನೋ ತಿಳಿಯದು. ತನ್ನ ಊರಿನವರಾರನ್ನೂ ಅವನು ಅರಿಯ. ಹಾಗಾಗಿ ಅವನ ಮುಂದೆ ಸಂಕೋಚವಿಲ್ಲ.

ಈ ಬಯಲಿನಲ್ಲಿ ತಂದೆಗೆ ಜೊತೆಯಾದವನು ಕೊರಿಯ ದೇಶದ ಒಬ್ಬ ತರುಣ. ಕೊರಿಯದವರು ಈ ದಾರಿಗೆ ಬಹಳ ಮಂದಿ ಬರುತ್ತಾರೆ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ; ಆದುದರಿಂದ ತಂದೆ ಹೇಳಬೇಕಾದುದನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಬೇಕಾಯಿತು. ಹೆಂಡತಿಗೆ ಕಾಯಿಲೆ ಜೋರಾಯಿತು. ಮಗಳಿಗೆ ತಿಳಿಸಲಿಲ್ಲ. ತಿಳಿಸಿದಾಗ ಹೊತ್ತು ಮೀರಿತ್ತು. ಎರಡು ವರ್ಷ ತಮ್ಮೊಳಗೆ ಸುತ್ತಿ ಸುತ್ತಿ ಬರುತ್ತಿದ್ದ ಸಮಜಾಯಿಷಿಯೆಲ್ಲ ಮೂರು ವಾಕ್ಯಗಳಲ್ಲಿ ಮುಗಿದುದನ್ನು ಕಂಡು ಅವರೇ ಬೆರಗಾದರು. ತರುಣ ಏನೂ ಹೇಳಲಿಲ್ಲ. ಚೀಲದಿಂದ ಕಿತ್ತಳೆಯೊಂದನ್ನು ತೆಗೆದು ಅರ್ಧ ಮಾಡಿ ಕೊಟ್ಟ.

ಅದೇ ದಿನ ಎರಡು ಗಂಟೆಯ ಹಾದಿ ಮುಂದೆ, ಮಗಳು ಡಚ್ಚಿನ ಮುದುಕಿಯ ಸಂಗಡ ನಡೆಯುತ್ತಿದ್ದಳು. ಅವಳೂ ಹೇಳಿದ್ದು ಅದನ್ನೇ. ತಂದೆಯ ಮೇಲೆ ತನಗೆ ಸಿಟ್ಟಿದೆ, ಸಿಟ್ಟಿರುವುದಕ್ಕೆ ನಾಚಿಕೆಯೂ ಇದೆ ಎಂದಳು. ಸಾವಿನ ಮನೆಗಳನ್ನು ಬಹಳ ಕಂಡಿದ್ದ ಆ ದಾದಿ ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಅವರಿಗೆ ಹೇಳಿದ್ದೀಯಾ?”

ಒಮ್ಮೆ ಬಾಯಿಂದ ಹೊರಬಿದ್ದ ಮಾತಿಗೆ ಎರಡನೆಯ ಸಲ ಅಷ್ಟು ಭಾರವಿರುವುದಿಲ್ಲ. ರಾತ್ರಿ ಊಟವಾದ ಮೇಲೆ ಛತ್ರದ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲುತೊಟ್ಟಿಯ ಬಳಿ, ಮಗಳು ಕೇಳಿದಳು.

“ಅಮ್ಮನಿಗೆ ಅಷ್ಟು ಜೋರಾಗಿದೆ ಅಂತ ನನಗೆ ಯಾಕೆ ತಿಳಿಸಲಿಲ್ಲ ಅಪ್ಪಾ?”

“ಅವಳೇ ಬೇಡ ಅಂದಳು. ಮಗು ದೂರ ಇದೆ, ಗಾಬರಿ ಬೀಳುತ್ತೆ, ಎರಡು ದಿನ ನೋಡೋಣ ಅಂದಳು. ಎರಡು ದಿನ ನೋಡಿದೆ. ಮೂರನೆಯ ದಿನ ಫೋನು ಮಾಡಿದೆ.”

“ಮೂರನೆಯ ದಿನಕ್ಕೆ ಎಲ್ಲಾ ಮುಗಿದಿತ್ತು.”

“ಹೌದು. ಮುಗಿದಿತ್ತು. ಮೊದಲನೆಯ ದಿನವೇ ಮಾಡಬೇಕಾಗಿತ್ತು.”

ಅದಕ್ಕಿಂತ ಹೆಚ್ಚಿನ ಮಾತು ನಡೆಯಲಿಲ್ಲ. ಮಗಳು ಬಹಳ ಹೊತ್ತು ನೀರಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ತಂದೆಯ ಕಾಲ್ಚೀಲವನ್ನೂ ತೆಗೆದುಕೊಂಡು ತನ್ನದರೊಡನೆ ಒಗೆದು ಹಗ್ಗಕ್ಕೆ ಹಾಕಿದಳು. ಸಿಟ್ಟು ಒಂದು ರಾತ್ರಿಗೆ ಕರಗುವಂಥದಲ್ಲ. ಆದರೆ ಅದು ಇನ್ನು ಒಬ್ಬರೇ ಹೊರುವ ಗಂಟಾಗಿರಲಿಲ್ಲ.

ಲೆಯೋನ್ ದಾಟಿದ ಮೇಲೆ ಮತ್ತೆ ಬೆಟ್ಟಗಳು. ಸುಮಾರು 1,500 ಮೀಟರ್ ಎತ್ತರದಲ್ಲಿ, ಉದ್ದನೆಯ ಮರದ ಕಂಬದ ತುದಿಗೆ ನಾಟಿದ ಒಂದು ಕಬ್ಬಿಣದ ಶಿಲುಬೆಯಿದೆ. ಅದರ ಬುಡದಲ್ಲಿ ಕಲ್ಲುಗಳ ದಿಬ್ಬ. ಊರಿನಿಂದ ಒಂದು ಕಲ್ಲು ತಂದು ಅಲ್ಲಿಟ್ಟು ಹೋಗುವುದು ಯಾತ್ರಿಕರ ವಾಡಿಕೆ. ತಂದೆ ಅಲ್ಲಿಟ್ಟ ಕಲ್ಲು ಮೈಸೂರಿನ ಮನೆಯ ತುಳಸಿಕಟ್ಟೆಯ ಬಳಿಯದು. ವಾಡಿಕೆಯ ಸಂಗತಿಯನ್ನು ಹೊರಡುವ ಮೊದಲೇ ಎಲ್ಲಿಯೋ ಓದಿದ್ದರು. ಆ ದಿನ ಮಗಳು ಮುಂದೆ ಹೋಗದೆ ಅವರ ಹಿಂದೆಯೇ ನಡೆದು ಬಂದಿದ್ದಳು. ಇಬ್ಬರೂ ದಿಬ್ಬದಿಂದ ಇಳಿದು ಪಕ್ಕದ ಹುಲ್ಲಿನ ಮೇಲೆ ಕುಳಿತರು. ಅವರಾಗಿ ಏಳುವವರೆಗೂ ಮಗಳು ಏಳಲಿಲ್ಲ.

ಈ ಹಾದಿಯಲ್ಲಿ ಹುಟ್ಟಿದ ನಂಟು ಹೇಗೆ ಮುಗಿಯುತ್ತದೆಂದು ಓದುಗರು ಕೇಳಬಹುದು. ಬಹುಪಾಲು ಹೇಳದೆ ಮುಗಿಯುತ್ತದೆ. ಒಬ್ಬರ ಸ್ನಾಯು ಊದಿಕೊಂಡು ಯಾವುದೋ ಊರಿನಲ್ಲಿ ನಿಂತುಬಿಡುತ್ತಾರೆ. ಇನ್ನೊಬ್ಬರಿಗೆ ವಿಮಾನದ ದಿನ ಹತ್ತಿರವಾಗಿ ವೇಗ ಹೆಚ್ಚಿಸುತ್ತಾರೆ. ನಾಳೆ ಸಿಗೋಣವೆಂದು ಕೈಬೀಸಿದವರು ಮತ್ತೆ ಸಿಗುವುದೇ ಇಲ್ಲ. ಡಚ್ಚಿನ ಮುದುಕಿ ಓ ಸೆಬ್ರೈರೊ ಬೆಟ್ಟದ ಕೆಳಗೆ ಹೀಗೆಯೇ ಹಿಂದುಳಿದರು. ಆಕೆಗೆ ವಂದನೆ ಹೇಳಬೇಕೆಂದು ಮಗಳು ಮುಂದಿನ ಮೂರು ಛತ್ರಗಳಲ್ಲಿ ಬಾಗಿಲು ನೋಡುತ್ತ ಕುಳಿತಳು, ಆಕೆ ಬರಲಿಲ್ಲ.

ಸಾರಿಯ ಎಂಬ ಊರಿನಿಂದ ಜನಜಂಗುಳಿ. ಸಾಂತಿಯಾಗೊದಲ್ಲಿ ಯಾತ್ರಾಪತ್ರ ಪಡೆಯಲು ಕಡೆಯ 100 ಕಿಲೋಮೀಟರಾದರೂ ನಡೆದಿರಬೇಕೆಂಬುದು ನಿಯಮ. ಸಾರಿಯ ಆ ಗಡಿಯ ತುಸು ಹಿಂದಿದೆ. ಅಲ್ಲಿಂದ ಹೊಸಬರು ಶುಭ್ರವಾದ ಬೂಟು ಹಾಕಿಕೊಂಡು ಗುಂಪುಗುಂಪಾಗಿ ಸೇರಿಕೊಳ್ಳುತ್ತಾರೆ. ತಿಂಗಳಿನಿಂದ ನಡೆದು ಸವೆದವರಿಗೆ ಇವರನ್ನು ಕಂಡರೆ ಒಂದಿಷ್ಟು ಅಸಹನೆ. ಅದೂ ಎರಡು ದಿನದ ಮಾತು. ಹೊಸಬರಿಗೂ ಬೊಬ್ಬೆ ಏಳುತ್ತದೆ. ಹಳಬರ ಬಳಿ ಸೂಜಿ ದಾರವಿರುತ್ತದೆ.

ಕೊನೆಗೆ ‘ಸಂತೋಷದ ಗುಡ್ಡ’ ಎಂಬ ಹೆಸರಿನ ದಿಣ್ಣೆಯ ಮೇಲಿಂದ ಸಾಂತಿಯಾಗೊ ದೇವಾಲಯದ ಗೋಪುರಗಳು ಕಾಣುತ್ತವೆ. ಊರಿನ ಚೌಕದಲ್ಲಿ ನಿತ್ಯವೂ ಒಂದೇ ದೃಶ್ಯ. ಚೀಲವನ್ನು ತಲೆದಿಂಬು ಮಾಡಿಕೊಂಡು ನೆಲದ ಮೇಲೆ ಅಂಗಾತ ಮಲಗಿದವರು, ಅಪ್ಪಿಕೊಂಡು ಅಳುವವರು, ಮುಂದೇನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತವರು. ವಿಶೇಷ ದಿನಗಳಲ್ಲಿ ದೇವಾಲಯದೊಳಗೆ 53 ಕಿಲೋ ತೂಕದ ಧೂಪಾರತಿಯನ್ನು ಎಂಟು ಜನ ಹಗ್ಗ ಹಿಡಿದು ತೂಗುತ್ತಾರೆ. ಕೆಲವರು ಇಲ್ಲಿಗೂ ನಿಲ್ಲದೆ, ಇನ್ನೂ ಸುಮಾರು 90 ಕಿಲೋಮೀಟರ್ ನಡೆದು, ಅಟ್ಲಾಂಟಿಕ್ ಸಾಗರದ ತಡಿಯ ಫಿನಿಸ್ತೆರೆಗೆ ಹೋಗುತ್ತಾರೆ. ಹಿಂದಿನವರು ಭೂಮಿಯೇ ಅಲ್ಲಿಗೆ ಮುಗಿಯುತ್ತದೆಂದು ನಂಬಿದ್ದರು.

ತಂದೆ ಮಗಳು ಅಷ್ಟು ದೂರ ಹೋಗಲಿಲ್ಲ. ಅವಳ ರಜೆ ಮುಗಿದಿತ್ತು. ಅಂಚೆಯಲ್ಲಿ ಬಂದಿದ್ದ ಅವಲಕ್ಕಿಯನ್ನು ಬಿಡಿಸಿಕೊಂಡು, ಚೌಕದ ಕಲ್ಲುಕಂಬದ ನೆರಳಿನಲ್ಲಿ ಚಟ್ನಿಪುಡಿ ಕಲಸಿ, ಅಂದು ಬೆಳಿಗ್ಗೆಯೇ ಬಂದು ಮುಟ್ಟಿದ್ದ ಕೊರಿಯದ ತರುಣನಿಗೂ ಕೊಟ್ಟರು. ಖಾರಕ್ಕೆ ಅವನ ಕಣ್ಣಿನಲ್ಲಿ ನೀರು ಬಂದರೂ ಎರಡನೆಯ ಸಲ ಕೈಯೊಡ್ಡಿದ.

ಮೂವತ್ತಾರು ದಿನ ನಡೆದ ದೂರವನ್ನು ವಿಮಾನ ಎರಡು ಗಂಟೆಯೊಳಗೆ ಹಿಂದೆ ಹಾಕುತ್ತದೆ. ಕೈಪುಸ್ತಕದಲ್ಲಿ ಬರೆದುಕೊಂಡ ವಿಳಾಸಗಳು ಹತ್ತು ಹನ್ನೆರಡಿದ್ದರೂ, ಪತ್ರ ಬರೆಯುವವರು ಒಬ್ಬರೋ ಇಬ್ಬರೋ. ಇದನ್ನು ಕೃತಘ್ನತೆಯೆಂದು ಹಾದಿಯ ಜನ ಭಾವಿಸುವುದಿಲ್ಲ. ಛತ್ರದಲ್ಲಿ ಒಂದೇ ರಾತ್ರಿಯ ನಿಯಮವನ್ನು ಮಾಡಿದವರು ನಿರ್ದಯರಾಗಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮಂಚ ಬಿಟ್ಟು ಕೊಡಬೇಕಾದುದು, ಮಧ್ಯಾಹ್ನ ಇನ್ನೊಬ್ಬರು ಕಾಲು ಎಳೆದುಕೊಂಡು ಅಲ್ಲಿಗೆ ಬರುತ್ತಾರೆಂಬ ಕಾರಣಕ್ಕೆ.